ಮಂಕಾದ ಮನಸ್ಸಿಗೆ ನೈಸರ್ಗಿಕ ದಾರಿಗಳು: ಯಾವುದಕ್ಕೆ ಎಷ್ಟು ಆಧಾರವಿದೆ?

ಕೋವಿಡ್ ಪಿಡುಗಿನ ಮೊದಲ ವರ್ಷದಲ್ಲಿ ಜಗತ್ತಿನಾದ್ಯಂತ ಆತಂಕ ಮತ್ತು ಖಿನ್ನತೆಯ ಪ್ರಮಾಣ ಶೇ 25ರಷ್ಟು ಏರಿತೆಂದು ವಿಶ್ವ ಆರೋಗ್ಯ ಸಂಸ್ಥೆ 2022ರ ಮಾರ್ಚ್‌ನಲ್ಲಿ ತಿಳಿಸಿತು. ಅಲ್ಲಿಂದೀಚೆಗೆ ಮನಸ್ಸಿನ ಆರೋಗ್ಯದ ಕುರಿತು ಜನ ಮೊದಲಿಗಿಂತ ಮುಕ್ತವಾಗಿ ಮಾತನಾಡುತ್ತಿದ್ದಾರೆ. ಬೇಸರ, ನಿರುತ್ಸಾಹ, ಯಾವುದರಲ್ಲೂ ಮನಸ್ಸು ನಿಲ್ಲದ ಸ್ಥಿತಿಯನ್ನು ಮುಚ್ಚಿಡಬೇಕಾಗಿಲ್ಲ ಎಂಬ ತಿಳಿವಳಿಕೆ ನಿಧಾನವಾಗಿ ಬೆಳೆಯುತ್ತಿದೆ. ಅದರ ಬೆನ್ನಿಗೇ, ಮನಸ್ಸನ್ನು ‘ನೈಸರ್ಗಿಕವಾಗಿ’ ಉಲ್ಲಾಸಗೊಳಿಸುತ್ತೇವೆಂದು ಹೇಳಿಕೊಳ್ಳುವ ಗುಳಿಗೆ, ಪುಡಿ, ಎಣ್ಣೆ, ಆ್ಯಪ್ ಮತ್ತು ಶಿಬಿರಗಳ ಮಾರುಕಟ್ಟೆಯೂ ಹಬ್ಬಿದೆ. ಮನಸ್ಸು ಕುಗ್ಗಿದವರಲ್ಲಿ ಉಳಿದಿರುವ ಶಕ್ತಿಯೇ ಅಲ್ಪ. ಆ ಅಲ್ಪ ಶಕ್ತಿಯನ್ನು ಕೆಲಸಕ್ಕೆ ಬಾರದ ಉಪಾಯದ ಮೇಲೆ ಕಳೆದುಕೊಂಡರೆ ‘ನನಗೆ ಯಾವುದೂ ನಾಟುವುದಿಲ್ಲ’ ಎಂಬ ನಿರಾಶೆಯೇ ಇನ್ನಷ್ಟು ಗಟ್ಟಿಯಾಗುತ್ತದೆ. ಯಾವ ಉಪಾಯದ ಹಿಂದೆ ಎಷ್ಟು ಆಧಾರವಿದೆ ಎಂಬುದನ್ನು ತೂಗಿ ನೋಡುವ ಅಗತ್ಯ ಇರುವುದು ಈ ಕಾರಣಕ್ಕೆ.

ಹಾಗೆ ತೂಗಿದಾಗ ಒಂದು ಸಂಗತಿ ಎದ್ದು ಕಾಣುತ್ತದೆ. ನುಂಗುವ ವಸ್ತುಗಳಿಗಿಂತ ಮಾಡುವ ಕೆಲಸಗಳ ಹಿಂದೆ ಹೆಚ್ಚು ಆಧಾರವಿದೆ: ದೇಹದ ಚಲನೆ, ಹಗಲ ಬೆಳಕು, ಹೊತ್ತಿಗೆ ಸರಿಯಾದ ನಿದ್ದೆ, ಜನರ ಒಡನಾಟ, ಕುಗ್ಗಿದಾಗ ಕೈಬಿಟ್ಟ ಸಣ್ಣಪುಟ್ಟ ಕೆಲಸಗಳನ್ನು ಮತ್ತೆ ಕೈಗೆತ್ತಿಕೊಳ್ಳುವುದು. ಇವುಗಳಲ್ಲಿ ಹೊಸದೇನೂ ಇಲ್ಲ, ದುಬಾರಿಯೂ ಅಲ್ಲ. ಆದರೂ ಇವು ಕೈಗೂಡದಿರುವುದಕ್ಕೆ ಕಾರಣ ಅಜ್ಞಾನವಾಗಲಿ ಸೋಮಾರಿತನವಾಗಲಿ ಅಲ್ಲ. ಮನಸ್ಸು ಕುಗ್ಗಿದಾಗ ಮೊದಲು ಬತ್ತುವುದೇ ‘ಮಾಡಬೇಕು’ ಎನಿಸುವ ಹುಮ್ಮಸ್ಸು. ನಡೆದರೆ ಒಳ್ಳೆಯದೆಂದು ಗೊತ್ತಿರುತ್ತದೆ, ಕಾಲು ಏಳುವುದಿಲ್ಲ. ಈ ಅಡ್ಡಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಸಲಹೆ ಎಷ್ಟೇ ಸರಿಯಾಗಿದ್ದರೂ ಸಲಹೆಯಾಗಿಯೇ ಉಳಿಯುತ್ತದೆ.

ಮುಂದೆ ಹೋಗುವ ಮೊದಲು ಒಂದು ಗೆರೆಯನ್ನು ಎಳೆದುಕೊಳ್ಳುವುದು ಅಗತ್ಯ. ಸೋಲು, ಅಗಲಿಕೆ, ದಣಿವು, ಒಂಟಿತನಗಳಿಂದ ಕೆಲವು ದಿನ ಮನಸ್ಸು ಮಂಕಾಗುವುದು ಕಾಯಿಲೆಯಲ್ಲ. ಆದರೆ ಎರಡು ವಾರ ಅಥವಾ ಅದಕ್ಕೂ ಹೆಚ್ಚು ಕಾಲ, ಹೆಚ್ಚುಕಡಿಮೆ ಪ್ರತಿದಿನ, ದಿನದ ಬಹುಪಾಲು ಮನಸ್ಸು ಕುಗ್ಗಿಯೇ ಇದ್ದು ಅಥವಾ ಇಷ್ಟದ ಸಂಗತಿಗಳಲ್ಲೂ ಆಸಕ್ತಿ ಬತ್ತಿಹೋಗಿ, ಜೊತೆಗೆ ನಿದ್ದೆ, ಹಸಿವು, ಏಕಾಗ್ರತೆ, ಶಕ್ತಿಗಳಲ್ಲಿ ಏರುಪೇರಾಗಿ, ತಾನು ಯಾವುದಕ್ಕೂ ಯೋಗ್ಯನಲ್ಲ ಎಂಬ ಭಾವ ಕಾಡುತ್ತಿದ್ದರೆ ವೈದ್ಯರು ಅದನ್ನು ಖಿನ್ನತೆಯೆಂದು ಪರಿಗಣಿಸುತ್ತಾರೆ. ಅಂಥ ಸ್ಥಿತಿಯಲ್ಲಿ ಈ ಲೇಖನದಲ್ಲಿ ಹೇಳುವ ದಾರಿಗಳು ಚಿಕಿತ್ಸೆಗೆ ಜೊತೆಯಾಗಬಲ್ಲವೇ ಹೊರತು ಅದರ ಜಾಗವನ್ನು ತುಂಬಲಾರವು. ಸಾಯಬೇಕೆಂಬ ಅಥವಾ ತನಗೆ ತಾನೇ ಹಾನಿ ಮಾಡಿಕೊಳ್ಳಬೇಕೆಂಬ ಯೋಚನೆ ಬಂದರಂತೂ ಎರಡು ವಾರ ಕಾಯುವ ಮಾತೇ ಇಲ್ಲ. ಅದೇ ದಿನ ವೈದ್ಯರಿಗೋ ಸಹಾಯವಾಣಿಗೋ ಹತ್ತಿರದವರಿಗೋ ಹೇಳಬೇಕು. ಥೈರಾಯ್ಡ್ ಗ್ರಂಥಿಯ ಕೊರತೆ, ರಕ್ತಹೀನತೆ, ಬಿ12 ಜೀವಸತ್ವದ ಕೊರತೆ ಹಾಗೂ ಕೆಲವು ಔಷಧಗಳು ಸಹ ಮನಸ್ಸನ್ನು ಕುಗ್ಗಿಸಬಲ್ಲವು. ಹಾಗಾಗಿ ಕಾರಣವಿಲ್ಲದೆ ತಿಂಗಳುಗಟ್ಟಲೆ ಜಡವಾಗಿರುವವರು ಒಂದು ಸಾಮಾನ್ಯ ರಕ್ತಪರೀಕ್ಷೆ ಮಾಡಿಸಿಕೊಳ್ಳುವುದು ವಿವೇಕದ ಮಾತು.

ಇನ್ನು ಮೂಲ ಅಡ್ಡಿಯ ವಿಷಯ. ಕುಗ್ಗಿದ ಮನಸ್ಸು ಮನುಷ್ಯನನ್ನು ಒಳಕ್ಕೆಳೆಯುತ್ತದೆ. ಗೆಳೆಯರ ಕರೆಗೆ ಉತ್ತರಿಸುವುದು ಭಾರವೆನಿಸುತ್ತದೆ, ಹೊರಗೆ ಹೋಗುವುದು ನಾಳೆಗೆ ಜಾರುತ್ತದೆ, ಸ್ನಾನವೂ ತಡವಾಗುತ್ತದೆ. ಹೀಗೆ ಹಿಂದೆ ಸರಿದಾಗ ಆ ಕ್ಷಣಕ್ಕೆ ಹಾಯೆನಿಸುವುದು ನಿಜ. ಆದರೆ ಮನಸ್ಸಿಗೆ ಖುಷಿಯನ್ನೋ ‘ಇಷ್ಟಾದರೂ ಮಾಡಿದೆ’ ಎಂಬ ಸಮಾಧಾನವನ್ನೋ ಕೊಡುತ್ತಿದ್ದ ಸಂದರ್ಭಗಳು ಒಂದೊಂದಾಗಿ ಬದುಕಿನಿಂದ ಕಳಚಿಕೊಳ್ಳುವುದರಿಂದ ಮನಸ್ಸು ಮತ್ತಷ್ಟು ಕುಗ್ಗುತ್ತದೆ, ಕುಗ್ಗಿದ್ದರಿಂದ ಮತ್ತಷ್ಟು ಹಿಂದೆ ಸರಿಯುತ್ತದೆ. ಅಮೆರಿಕದ ಮನೋವಿಜ್ಞಾನಿ ಪೀಟರ್ ಲೆವಿನ್ಸನ್ 1970ರ ದಶಕದಲ್ಲಿ ಈ ಸುತ್ತನ್ನು ವಿವರಿಸಿ, ಅದನ್ನು ಭಾವನೆಯ ಕಡೆಯಿಂದಲ್ಲ, ಕ್ರಿಯೆಯ ಕಡೆಯಿಂದ ಮುರಿಯಬಹುದೆಂದು ತೋರಿಸಿದರು. ‘ಮನಸ್ಸಿದ್ದರೆ ಮಾರ್ಗ’ ಎಂದು ನಾವು ಹೇಳುತ್ತೇವೆ. ಕುಗ್ಗಿದವರ ವಿಷಯದಲ್ಲಿ ಮಾರ್ಗ ಮೊದಲು, ಮನಸ್ಸು ಆಮೇಲೆ. ಈ ಚಿಂತನೆಯಿಂದ ಬೆಳೆದ ವಿಧಾನಕ್ಕೆ ವರ್ತನಾ ಸಕ್ರಿಯಗೊಳಿಸುವಿಕೆ ಎಂಬ ಕೊಂಚ ಒರಟಾದ ಹೆಸರಿದೆ.

ಹೆಸರು ಒರಟಾದರೂ ವಿಧಾನ ಸರಳ. ಒಂದು ನೋಟ್‌ಬುಕ್ಕಿನಲ್ಲಿ ದಿನವನ್ನು ಗಂಟೆ ಗಂಟೆಯಾಗಿ ವಿಂಗಡಿಸಿ, ಆ ಗಂಟೆಯಲ್ಲಿ ಏನು ಮಾಡಿದೆ ಎಂಬುದನ್ನೂ ಅದರ ಪಕ್ಕದಲ್ಲಿ ಮನಸ್ಸು ಹೇಗಿತ್ತು ಎಂಬುದಕ್ಕೆ ಸೊನ್ನೆಯಿಂದ ಹತ್ತರವರೆಗಿನ ಒಂದು ಅಂಕವನ್ನೂ ಬರೆಯಬೇಕು. ಒಂದು ವಾರ ಹೀಗೆ ಬರೆದರೆ, ‘ಇಡೀ ದಿನ ಹಾಳಾಗಿತ್ತು’ ಎಂದು ನೆನಪು ಹೇಳುವ ದಿನದಲ್ಲೂ ಏರಿಳಿತಗಳಿದ್ದವೆಂಬುದು ಕಾಣುತ್ತದೆ. ಮಧ್ಯಾಹ್ನ ಎರಡು ಗಂಟೆ ಮಲಗಿಕೊಂಡು ಫೋನ್ ನೋಡಿದ ಹೊತ್ತಿಗೆ ಎರಡು ಅಂಕ ಬಿದ್ದಿರಬಹುದು, ಗಿಡಗಳಿಗೆ ನೀರು ಹಾಕಿದ ಹತ್ತು ನಿಮಿಷಕ್ಕೆ ಐದು ಬಿದ್ದಿರಬಹುದು. ಮುಂದಿನ ವಾರದ ದಿನಚರಿಯಲ್ಲಿ ಐದು ಅಂಕದ ಕೆಲಸಗಳಿಗೆ ನಿಗದಿತ ಹೊತ್ತನ್ನು ಗೊತ್ತುಮಾಡಿ, ಆ ಹೊತ್ತು ಬಂದಾಗ ಮನಸ್ಸನ್ನು ಕೇಳದೆ, ಗಡಿಯಾರವನ್ನು ನೋಡಿ ಎದ್ದು ಮಾಡುವುದೇ ಚಿಕಿತ್ಸೆಯ ತಿರುಳು. ಕೆಲಸ ತೀರಾ ಸಣ್ಣದಾಗಿರಬೇಕು. ‘ಮನೆ ಸ್ವಚ್ಛ ಮಾಡುವುದು’ ಎಂದು ಬರೆದರೆ ಅದು ನಾಳೆಗೆ ಹೋಗುತ್ತದೆ. ‘ಮೇಜಿನ ಮೇಲಿನ ಲೋಟಗಳನ್ನು ತೊಳೆಯುವುದು’ ಎಂದು ಬರೆದರೆ ಆಗಿಬಿಡುತ್ತದೆ.

ಇಷ್ಟು ಸರಳವಾದದ್ದು ನಿಜವಾಗಿ ಫಲ ಕೊಡುತ್ತದೆಯೇ ಎಂಬ ಅನುಮಾನ ಸಹಜ. ಇಂಗ್ಲೆಂಡಿನಲ್ಲಿ 440 ಮಂದಿ ಖಿನ್ನತೆಯ ರೋಗಿಗಳನ್ನು ಒಳಗೊಂಡು ನಡೆದು 2016ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಅರ್ಧದಷ್ಟು ಜನರಿಗೆ ನುರಿತ ಚಿಕಿತ್ಸಕರು, ಯೋಚನೆ ಮತ್ತು ನಡವಳಿಕೆಯ ರೀತಿಗಳನ್ನು ಮಾತುಕತೆಯ ಮೂಲಕ ತಿದ್ದುವ ಅರಿವಿನ ವರ್ತನಾ ಚಿಕಿತ್ಸೆ ನೀಡಿದರು. ಉಳಿದವರಿಗೆ ಮನಶ್ಚಿಕಿತ್ಸೆಯ ವೃತ್ತಿಪರ ತರಬೇತಿ ಇಲ್ಲದ ಕಿರಿಯ ಸಿಬ್ಬಂದಿ ಈ ದಿನಚರಿಯ ವಿಧಾನವನ್ನು ಕಲಿಸಿದರು. ಒಂದು ವರ್ಷದ ನಂತರ ನೋಡಿದಾಗ ಎರಡನೆಯ ಗುಂಪಿನವರ ಸುಧಾರಣೆ ಮೊದಲನೆಯವರಿಗಿಂತ ಕಡಿಮೆಯೇನೂ ಇರಲಿಲ್ಲ. ಮನೋವೈದ್ಯರ ಕೊರತೆಯಿರುವ ಯಾವುದೇ ದೇಶದಲ್ಲೂ ಈ ಫಲಿತಾಂಶಕ್ಕೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲವೆಂದು ನನ್ನ ಭಾವನೆ.

ಕ್ರಿಯೆಗಳ ಪೈಕಿ ಹೆಚ್ಚು ಪರೀಕ್ಷೆಗೊಳಗಾದದ್ದು ದೇಹದ ಚಲನೆ. ಡ್ಯೂಕ್ ವಿಶ್ವವಿದ್ಯಾಲಯದ ಜೇಮ್ಸ್ ಬ್ಲೂಮೆಂಥಾಲ್ ಮತ್ತು ಸಂಗಡಿಗರು 1999ರಲ್ಲಿ, 50 ವರ್ಷ ದಾಟಿದ 156 ಖಿನ್ನರನ್ನು ಮೂರು ಗುಂಪು ಮಾಡಿ, ಒಂದು ಗುಂಪಿಗೆ ವ್ಯಾಯಾಮ, ಇನ್ನೊಂದಕ್ಕೆ ಸರ್ಟ್ರಲೀನ್ ಎಂಬ ಔಷಧ, ಮತ್ತೊಂದಕ್ಕೆ ಎರಡನ್ನೂ ಕೊಟ್ಟರು. ಮೊದಲ ವಾರಗಳಲ್ಲಿ ಔಷಧ ಪಡೆದವರು ಬೇಗ ಚೇತರಿಸಿಕೊಂಡರು; 16 ವಾರಗಳ ಕೊನೆಗೆ ಮೂರೂ ಗುಂಪುಗಳು ಸಮವಾಗಿದ್ದವು. ಆದರೆ ಆ ಪ್ರಯೋಗದಲ್ಲಿ ಹುಸಿ ಗುಳಿಗೆಯ ಗುಂಪು ಇರಲಿಲ್ಲ. ಅದೇ ತಂಡ 202 ಮಂದಿಯನ್ನು ಸೇರಿಸಿಕೊಂಡು 2007ರಲ್ಲಿ ಪ್ರಕಟಿಸಿದ ಎರಡನೆಯ ಪ್ರಯೋಗದಲ್ಲಿ ಅದನ್ನೂ ಸೇರಿಸಿತು. ನಾಲ್ಕು ತಿಂಗಳ ಬಳಿಕ ಮೇಲ್ವಿಚಾರಣೆಯಲ್ಲಿ ವ್ಯಾಯಾಮ ಮಾಡಿದವರಲ್ಲಿ ಶೇ 45, ಮನೆಯಲ್ಲೇ ಮಾಡಿದವರಲ್ಲಿ ಶೇ 40, ಔಷಧ ಪಡೆದವರಲ್ಲಿ ಶೇ 47 ಮಂದಿ ಖಿನ್ನತೆಯಿಂದ ಹೊರಬಂದಿದ್ದರು. ಹುಸಿ ಗುಳಿಗೆ ನುಂಗಿದವರಲ್ಲೂ ಶೇ 31 ಮಂದಿ ಹೊರಬಂದಿದ್ದರು.

ಈ ಕೊನೆಯ ಸಂಖ್ಯೆಯ ಮೇಲೆ ಕೊಂಚ ನಿಲ್ಲಬೇಕು. ಔಷಧದ ಅಂಶವೇ ಇಲ್ಲದ ಗುಳಿಗೆಯನ್ನು ನುಂಗಿಯೂ ಹತ್ತರಲ್ಲಿ ಮೂವರು ಚೇತರಿಸಿಕೊಳ್ಳುವುದು ಕಾಲ ಕಳೆದಂತೆ ಮನಸ್ಸು ತಾನಾಗಿ ಏಳುವುದರಿಂದ, ಯಾರೋ ನಿಯಮಿತವಾಗಿ ವಿಚಾರಿಸುವುದರಿಂದ, ಗುಣವಾಗುತ್ತೇನೆಂಬ ನಿರೀಕ್ಷೆಯಿಂದ. ‘ಈ ಪುಡಿ ತೆಗೆದುಕೊಂಡೆ, ಎರಡೇ ತಿಂಗಳಲ್ಲಿ ಮನಸ್ಸು ಹಗುರಾಯಿತು’ ಎಂದು ಹೇಳುವವರು ಸುಳ್ಳು ಹೇಳುತ್ತಿಲ್ಲ. ಆದರೆ ಆ ಪುಡಿಯಿಲ್ಲದಿದ್ದರೂ ಅವರಲ್ಲಿ ಹಲವರ ಮನಸ್ಸು ಹಗುರಾಗುತ್ತಿತ್ತು ಎಂಬುದನ್ನು ಅವರು ತಿಳಿಯುವ ಬಗೆಯಿಲ್ಲ. ಯಾವುದೇ ಉಪಾಯದ ಬೆಲೆಯನ್ನು ಅಳೆಯಬೇಕಾದದ್ದು ಈ ಮೂವತ್ತೊಂದರ ಮೇಲೆ ಅದು ಎಷ್ಟು ಸೇರಿಸಿತು ಎಂಬುದರಿಂದಲೇ.

2024ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪ್ರಕಟಿಸಿದ ಅವಲೋಕನವು 14,170 ಮಂದಿ ಪಾಲ್ಗೊಂಡ 218 ಅಧ್ಯಯನಗಳನ್ನು ಒಟ್ಟುಗೂಡಿಸಿ, ನಡಿಗೆ ಅಥವಾ ಹಗುರ ಓಟ, ಯೋಗ ಮತ್ತು ಭಾರ ಎತ್ತುವ ವ್ಯಾಯಾಮಗಳು ಖಿನ್ನತೆಯ ಲಕ್ಷಣಗಳನ್ನು ಗಣನೀಯವಾಗಿ ತಗ್ಗಿಸುತ್ತವೆ, ಶ್ರಮ ಹೆಚ್ಚಿದಂತೆ ಫಲವೂ ಹೆಚ್ಚುತ್ತದೆ ಎಂದಿತು. ವ್ಯಾಯಾಮ ಮಾಡುತ್ತಿರುವವರಿಗೆ ತಾವು ಮಾಡುತ್ತಿರುವುದು ಗೊತ್ತಿರುವುದರಿಂದ ನಿರೀಕ್ಷೆಯ ಪ್ರಭಾವವನ್ನು ಇಲ್ಲಿ ಪೂರ್ತಿ ಬೇರ್ಪಡಿಸಲಾಗದು; ವೈದ್ಯಕೀಯ ಸಾಕ್ಷ್ಯಗಳನ್ನು ಒರೆಗೆ ಹಚ್ಚುವ ಕೊಕ್ರೇನ್ ಸಂಸ್ಥೆಯ 2013ರ ಅವಲೋಕನವು ಕಟ್ಟುನಿಟ್ಟಾಗಿ ನಡೆದ ಅಧ್ಯಯನಗಳನ್ನಷ್ಟೇ ಲೆಕ್ಕಕ್ಕೆ ಹಿಡಿದಾಗ ಫಲ ಸಣ್ಣದಾಗಿ ಕಂಡಿತ್ತು. ಹಾಗಾಗಿ ವ್ಯಾಯಾಮವನ್ನು ರಾಮಬಾಣವೆನ್ನುವುದು ಅತಿಯಾದೀತು. ಫಲ ಪಡೆಯಲು ಬೇಕಾದ ಪ್ರಮಾಣ ಮಾತ್ರ ಜನ ಅಂದುಕೊಂಡದ್ದಕ್ಕಿಂತ ಕಡಿಮೆ. ವಯಸ್ಕರು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮದ ಚಟುವಟಿಕೆ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ಹೇಳುತ್ತದೆ. 1.9 ಲಕ್ಷಕ್ಕೂ ಹೆಚ್ಚು ಜನರ ಮಾಹಿತಿಯನ್ನು ಕಲೆಹಾಕಿದ 2022ರ ಒಂದು ವಿಶ್ಲೇಷಣೆಯಲ್ಲಿ, ವಾರಕ್ಕೆ ಎರಡೂವರೆ ಗಂಟೆ ಚುರುಕಾಗಿ ನಡೆಯುವಷ್ಟು ಶ್ರಮಪಡುವವರಿಗೆ ಖಿನ್ನತೆ ಬರುವ ಸಂಭವ ಏನೂ ಮಾಡದವರಿಗಿಂತ ಶೇ 25ರಷ್ಟು ಕಡಿಮೆಯಿದ್ದರೆ, ಅದರ ಅರ್ಧದಷ್ಟು ಮಾಡುವವರಿಗೂ ಶೇ 18ರಷ್ಟು ಕಡಿಮೆಯಿತ್ತು. ಅಂದರೆ ಏನೂ ಮಾಡದ ಸ್ಥಿತಿಯಿಂದ ಸ್ವಲ್ಪ ಮಾಡುವ ಸ್ಥಿತಿಗೆ ಬರುವಾಗಲೇ ಲಾಭದ ಬಹುಪಾಲು ಸಿಗುತ್ತದೆ. ಎದ್ದು ಕೂರುವುದೇ ಕಷ್ಟವಾಗಿರುವವರಿಗೆ ಹೇಳಬೇಕಾದ ಮೊದಲ ಮಾತು ಇದು.

ಚಲನೆ ಮನಸ್ಸನ್ನು ಏಕೆ ಎತ್ತುತ್ತದೆ? ನೋವು ತಗ್ಗಿಸುವ ದೇಹದ್ದೇ ರಾಸಾಯನಿಕವಾದ ‘ಎಂಡಾರ್ಫಿನ್ ಸ್ರವಿಸುತ್ತದೆ’ ಎಂಬ ಉತ್ತರ ಎಲ್ಲೆಡೆ ಸಿಗುತ್ತದೆ. ಆದರೆ ರಕ್ತದಲ್ಲಿ ಏರುವ ಎಂಡಾರ್ಫಿನ್ ಮಿದುಳಿನ ರಕ್ಷಣಾ ತಡೆಯನ್ನು ಸುಲಭವಾಗಿ ದಾಟುವುದಿಲ್ಲ, ಆದ್ದರಿಂದ ಆ ವಿವರಣೆ ಅಪೂರ್ಣ. ವ್ಯಾಯಾಮದ ನಂತರದ ಹಾಯೆನಿಸುವಿಕೆಯಲ್ಲಿ ದೇಹವೇ ತಯಾರಿಸುವ, ಗಾಂಜಾದ ಅಂಶವನ್ನು ಹೋಲುವ ಎಂಡೊಕ್ಯಾನಬಿನಾಯ್ಡ್ ಎಂಬ ರಾಸಾಯನಿಕಗಳ ಪಾತ್ರ ಹೆಚ್ಚಿರಬಹುದೆಂದು ಇತ್ತೀಚಿನ ಸಂಶೋಧನೆ ಸೂಚಿಸುತ್ತದೆ. ದೀರ್ಘಾವಧಿಯ ಬದಲಾವಣೆಗಳು ಬೇರೆ: 120 ಮಂದಿ ಹಿರಿಯರ ಮೇಲೆ ನಡೆದ 2011ರ ಅಧ್ಯಯನದಲ್ಲಿ, ಒಂದು ವರ್ಷ ನಿಯಮಿತವಾಗಿ ನಡೆದವರ ಮಿದುಳಿನಲ್ಲಿ ನೆನಪಿಗೆ ಸಂಬಂಧಿಸಿದ ಹಿಪೊಕ್ಯಾಂಪಸ್ ಭಾಗದ ಗಾತ್ರ ಸುಮಾರು ಶೇ 2ರಷ್ಟು ಹೆಚ್ಚಿತು, ನಡಿಗೆಯ ಬದಲು ಮೈಕೈ ಸಡಿಲಿಸುವ ವ್ಯಾಯಾಮವನ್ನಷ್ಟೇ ಮಾಡಿದವರಲ್ಲಿ ಅದು ಕುಗ್ಗಿತು. ದೀರ್ಘಕಾಲದ ಖಿನ್ನತೆಯಲ್ಲಿ ಇದೇ ಭಾಗ ಸಣ್ಣದಾಗಿರುವುದನ್ನು ಹಲವು ಅಧ್ಯಯನಗಳು ಗುರುತಿಸಿವೆ. ಇವಲ್ಲದೆ, ದಣಿದ ದೇಹಕ್ಕೆ ಆಳವಾದ ನಿದ್ದೆ ಬರುತ್ತದೆ. ನಡೆಯುವಷ್ಟು ಹೊತ್ತಾದರೂ ತಲೆಯೊಳಗಿನ ಗುಂಗು ಕಡಿದುಹೋಗುತ್ತದೆ.

ಆ ಗುಂಗಿನ ಬಗ್ಗೆ ಬೇರೆಯಾಗಿಯೇ ಹೇಳಬೇಕು. ಆದದ್ದನ್ನೇ ಮೆಲುಕು ಹಾಕುತ್ತಾ, ‘ನನಗೇ ಏಕೆ ಹೀಗೆ’ ಎಂದು ಸುತ್ತಿಸುತ್ತಿ ಯೋಚಿಸುವುದು ಸಮಸ್ಯೆಯನ್ನು ಬಿಡಿಸುತ್ತಿರುವಂತೆ ತೋರುತ್ತದೆ. ಸೂಸನ್ ನೋಲೆನ್-ಹೊಕ್ಸೆಮಾ ಎಂಬ ಮನೋವಿಜ್ಞಾನಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಲ್ಲಿ ಈ ಸ್ವಭಾವವನ್ನು ಅಳೆದಿಟ್ಟಿದ್ದ ಸ್ವಲ್ಪವೇ ದಿನಗಳಲ್ಲಿ, 1989ರ ಅಕ್ಟೋಬರ್‌ನಲ್ಲಿ, ಆ ಪ್ರದೇಶದಲ್ಲಿ ಲೋಮಾ ಪ್ರಿಯೆಟಾ ಭೂಕಂಪ ಸಂಭವಿಸಿತು. ಭೂಕಂಪ ಎಲ್ಲರಿಗೂ ಒಂದೇ ಆಗಿದ್ದರೂ, ಮೊದಲೇ ಮೆಲುಕು ಹಾಕುವ ಸ್ವಭಾವದವರಾಗಿದ್ದ ವಿದ್ಯಾರ್ಥಿಗಳು ವಾರಗಳ ಬಳಿಕವೂ ಹೆಚ್ಚು ಕುಗ್ಗಿದ್ದರು. ‘ಯೋಚಿಸಬೇಡ’ ಎಂದು ಹೇಳಿಕೊಳ್ಳುವುದರಿಂದ ಈ ಸುಳಿ ನಿಲ್ಲುವುದಿಲ್ಲ, ಗಮನ ಬೇಡುವ ಬೇರೊಂದು ಕೆಲಸ ಬೇಕಾಗುತ್ತದೆ. ಸ್ಟ್ಯಾನ್‌ಫರ್ಡ್‌ನಲ್ಲೇ 2015ರಲ್ಲಿ ಪ್ರಕಟವಾದ ಒಂದು ಸಣ್ಣ ಪ್ರಯೋಗದಲ್ಲಿ, ಗಿಡಮರಗಳ ನಡುವೆ 90 ನಿಮಿಷ ನಡೆದವರಲ್ಲಿ ಇಂಥ ಯೋಚನೆಗಳು ಕಡಿಮೆಯಾದವು. ವಾಹನ ದಟ್ಟಣೆಯ ರಸ್ತೆಯ ಪಕ್ಕದಲ್ಲಿ ಅಷ್ಟೇ ಹೊತ್ತು ನಡೆದವರಲ್ಲಿ ಆಗಲಿಲ್ಲ. ಪ್ರಯೋಗ ಸಣ್ಣದಾದ್ದರಿಂದ ಇದನ್ನು ಸೂಚನೆಯೆಂದಷ್ಟೇ ತೆಗೆದುಕೊಳ್ಳಬೇಕು. ಸಾಧ್ಯವಿದ್ದವರು ಹಸಿರಿರುವ ಹಾದಿಯನ್ನು ಆರಿಸಿಕೊಳ್ಳುವುದರಿಂದ ನಷ್ಟವಂತೂ ಇಲ್ಲ.

ಧ್ಯಾನದ ವಿಷಯದಲ್ಲಿ ಸಾಕ್ಷ್ಯವನ್ನು ಎಚ್ಚರದಿಂದ ಓದಬೇಕು. ಪದೇ ಪದೇ ಖಿನ್ನತೆಗೆ ಒಳಗಾಗಿ ಚೇತರಿಸಿಕೊಂಡವರಲ್ಲಿ, ಈ ಕ್ಷಣದ ಉಸಿರು, ಯೋಚನೆಗಳನ್ನು ತೀರ್ಪಿಲ್ಲದೆ ಗಮನಿಸುವ ಸಾವಧಾನತೆಯ ಧ್ಯಾನವನ್ನು ಆಧರಿಸಿದ ಎಂಟು ವಾರಗಳ ತರಬೇತಿಯು ಮರುಕಳಿಕೆಯನ್ನು ತಡೆಯಲು ನೆರವಾಗುತ್ತದೆ. 424 ಮಂದಿಯನ್ನು ಒಳಗೊಂಡ 2015ರ ಬ್ರಿಟಿಷ್ ಪ್ರಯೋಗದಲ್ಲಿ ಅದು ಔಷಧವನ್ನು ಮುಂದುವರಿಸಿದವರ ಮಟ್ಟಕ್ಕೆ ಸರಿಸಮವಾಗಿತ್ತು, ಮೇಲಾಗಿರಲಿಲ್ಲ. ಇದು ಚೇತರಿಸಿಕೊಂಡವರ ಮಾತು. ಮನಸ್ಸು ತೀರಾ ಕುಗ್ಗಿರುವ ದಿನಗಳಲ್ಲಿ ಕಣ್ಣು ಮುಚ್ಚಿ ಒಬ್ಬರೇ ಕೂತರೆ ಕೆಲವರಲ್ಲಿ ಮೆಲುಕೇ ಜೋರಾಗುತ್ತದೆ. ಅಂಥವರು ಮೊದಲು ನಡೆಯಲಿ, ಕೂರುವುದನ್ನು ಮುಂದಕ್ಕೆ ಇಟ್ಟುಕೊಳ್ಳಲಿ ಎಂಬುದು ನನ್ನ ಅಭಿಪ್ರಾಯ.

ನಡಿಗೆ ಮನೆಯ ಹೊರಗೆ ಆಗಬೇಕೆಂದು ಒತ್ತಿ ಹೇಳುವುದಕ್ಕೆ ಇನ್ನೊಂದು ಕಾರಣ ಬೆಳಕು. ನಮ್ಮ ಕಣ್ಣಿನ ಅಕ್ಷಿಪಟಲದಲ್ಲಿ ನೋಡುವ ಕೆಲಸಕ್ಕಿಂತ ಹಗಲು-ರಾತ್ರಿಗಳನ್ನು ಗುರುತಿಸುವ ಕೆಲಸಕ್ಕೆ ಮೀಸಲಾದ ವಿಶೇಷ ಜೀವಕೋಶಗಳಿವೆಯೆಂಬುದು 2002ರ ಸುಮಾರಿಗೆ ಸ್ಪಷ್ಟವಾಯಿತು. ಅವು ಮಿದುಳಿನ ಜೈವಿಕ ಗಡಿಯಾರಕ್ಕೆ ನೇರವಾಗಿ ಸಂದೇಶ ಕಳಿಸುತ್ತವೆ. ಆ ಗಡಿಯಾರ ನಿದ್ದೆ, ದೇಹದ ಉಷ್ಣತೆ, ಹಾರ್ಮೋನುಗಳ ಏರಿಳಿತಗಳನ್ನು ಹೊಂದಿಸುತ್ತದೆ. ಬೆಳಗ್ಗೆ ಸಾಕಷ್ಟು ಬೆಳಕು ಬೀಳದಿದ್ದರೆ ಗಡಿಯಾರ ಹಿಂದೆ ಬೀಳುತ್ತದೆ. ಇಲ್ಲಿ ಕಣ್ಣು ನಮಗೆ ಮೋಸಮಾಡುತ್ತದೆ. ದೀಪ ಹಚ್ಚಿದ ಕೋಣೆ ಬೆಳಕಾಗಿಯೇ ಇದೆಯೆಂದು ನಮಗನ್ನಿಸಿದರೂ, ಬೆಳಕನ್ನು ಅಳೆಯುವ ಮಾನವಾದ ಲಕ್ಸ್‌ನಲ್ಲಿ ಅಳೆದರೆ ಸಾಮಾನ್ಯವಾಗಿ 100ರಿಂದ 500 ಲಕ್ಸ್ ಮಾತ್ರ. ಕಿಟಕಿಯಿಂದ ಒಂದೆರಡು ಮೀಟರ್ ಒಳಗೆ ಸರಿದರೂ ಬೆಳಕು ತೀವ್ರವಾಗಿ ಇಳಿಯುತ್ತದೆ. ಅದೇ ಹೊತ್ತಿಗೆ ಹೊರಗೆ ಮೋಡ ಕವಿದಿದ್ದರೂ ಹಲವು ಸಾವಿರ ಲಕ್ಸ್ ಇರಬಹುದು, ಬಿಸಿಲಿದ್ದರೆ ಒಂದು ಲಕ್ಷದ ಹತ್ತಿರ. ಚಳಿಗಾಲದ ಖಿನ್ನತೆಯನ್ನು 1984ರಲ್ಲಿ ನಾರ್ಮನ್ ರೋಸೆಂಥಾಲ್ ವಿವರಿಸಿದಂದಿನಿಂದ ಅದಕ್ಕೆ ಬೆಳಕಿನ ಚಿಕಿತ್ಸೆ ಬಳಕೆಯಲ್ಲಿದೆ. ಸಾಮಾನ್ಯ ಕ್ರಮವೆಂದರೆ ಬೆಳಗ್ಗೆ 10,000 ಲಕ್ಸ್ ದೀಪದ ಮುಂದೆ ಅರ್ಧ ಗಂಟೆ. ಋತುವಿಗೆ ಸಂಬಂಧವಿಲ್ಲದ ಖಿನ್ನತೆಯಲ್ಲೂ ಅದು ಹುಸಿ ಚಿಕಿತ್ಸೆಗಿಂತ ಮೇಲೆಂದು 122 ಮಂದಿಯ ಮೇಲೆ ಕೆನಡಾದಲ್ಲಿ ನಡೆದು 2016ರಲ್ಲಿ ಪ್ರಕಟವಾದ ಪ್ರಯೋಗ ತೋರಿಸಿತು. ಕಣ್ಣಿನ ಕಾಯಿಲೆಯುಳ್ಳವರು ಮತ್ತು ಮನಸ್ಸು ಅತಿಯಾಗಿ ಉಬ್ಬುವ, ಅತಿಯಾಗಿ ಕುಗ್ಗುವ ಬೈಪೋಲಾರ್ ಸಮಸ್ಯೆಯುಳ್ಳವರು ಅಂಥ ದೀಪವನ್ನು ವೈದ್ಯರನ್ನು ಕೇಳದೆ ಬಳಸಬಾರದು. ಹೊರಗಿನ ಬೆಳಕು ಸಿಗುವವರಿಗೆ ಎದ್ದ ಒಂದು ಗಂಟೆಯೊಳಗೆ ಹೊರಗೆ ನಡೆಯುವುದೇ ಸಾಕು.

ಬೆಳಕಿನ ಜೊತೆಗೇ ನಿದ್ದೆಯ ಪ್ರಶ್ನೆ ಬರುತ್ತದೆ. ಮನಸ್ಸು ಸರಿಯಿಲ್ಲದ್ದರಿಂದ ನಿದ್ದೆ ಕೆಟ್ಟಿದೆಯೆಂದು ಬಹಳ ಕಾಲ ಭಾವಿಸಲಾಗಿತ್ತು. ಆದರೆ ಖಿನ್ನತೆಯಿಲ್ಲದ ನಿದ್ರಾಹೀನರನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನಗಳನ್ನು ಒಟ್ಟುಗೂಡಿಸಿದ 2011ರ ವಿಶ್ಲೇಷಣೆ, ಅಂಥವರಿಗೆ ಮುಂದೆ ಖಿನ್ನತೆ ಬರುವ ಸಂಭವ ಇತರರ ಎರಡರಷ್ಟೆಂದು ಕಂಡುಕೊಂಡಿತು. ಬ್ರಿಟನ್ನಿನ 26 ವಿಶ್ವವಿದ್ಯಾಲಯಗಳ 3,755 ವಿದ್ಯಾರ್ಥಿಗಳ ಮೇಲೆ ನಡೆದ 2017ರ ಪ್ರಯೋಗದಲ್ಲಿ ಔಷಧವಿಲ್ಲದೆ ನಿದ್ದೆಯನ್ನು ತಿದ್ದುವ ಅಂತರ್ಜಾಲ ತರಬೇತಿ ಪಡೆದವರ ನಿದ್ದೆ ಸುಧಾರಿಸಿದಂತೆ ಖಿನ್ನತೆ ಮತ್ತು ಆತಂಕದ ಲಕ್ಷಣಗಳೂ ಇಳಿದವು. ಆ ತರಬೇತಿಯ ನಿಯಮಗಳು ಮೊದಮೊದಲು ಕಠಿಣವೆನಿಸುತ್ತವೆ. ರಾತ್ರಿ ಎಷ್ಟು ಹೊತ್ತಿಗೆ ನಿದ್ದೆ ಬಂದಿದ್ದರೂ ಬೆಳಗ್ಗೆ ಏಳುವ ಹೊತ್ತು ಬದಲಾಗಬಾರದು. ರಜೆಯ ದಿನವೂ ಅದೇ. ಸುಮಾರು ಇಪ್ಪತ್ತು ನಿಮಿಷ ಹೊರಳಾಡಿಯೂ ನಿದ್ದೆ ಹತ್ತದಿದ್ದರೆ ಹಾಸಿಗೆ ಬಿಟ್ಟು ಎದ್ದು, ಮಂದ ಬೆಳಕಿನಲ್ಲಿ ಏನಾದರೂ ಓದುತ್ತಾ ಕೂತು, ಕಣ್ಣು ಎಳೆದಾಗ ಮಾತ್ರ ಮರಳಬೇಕು. ಹಾಸಿಗೆಯಲ್ಲಿ ಫೋನ್, ಊಟ, ಚಿಂತೆ ಯಾವುದೂ ಬೇಡ. ಕೆಫೀನ್ ದೇಹಕ್ಕೆ ಸೇರಿದ ಐದು ಗಂಟೆಯ ನಂತರವೂ ಅರ್ಧದಷ್ಟು ಉಳಿದಿರುವುದರಿಂದ ಮಧ್ಯಾಹ್ನದ ನಂತರ ಅದನ್ನು ಬಿಡುವುದು ಲೇಸು. ಮದ್ಯ ನಿದ್ದೆಯನ್ನು ಬೇಗ ತರಿಸಿದರೂ ರಾತ್ರಿಯ ಉತ್ತರಾರ್ಧದ ನಿದ್ದೆಯನ್ನು ಕೆಡಿಸುತ್ತದೆ, ಮರುದಿನದ ಮನಸ್ಸನ್ನೂ ಕುಗ್ಗಿಸುತ್ತದೆ. ಬೇಸರ ಕಳೆಯಲು ಕುಡಿಯುವ ಅಭ್ಯಾಸ ಬೇಸರವನ್ನೇ ಬೆಳೆಸುತ್ತದೆ.

ಜನರ ಒಡನಾಟದ ಬಗ್ಗೆ ಕುಗ್ಗಿದ ಮನಸ್ಸು ಮುಂಚಿತವಾಗಿಯೇ ತೀರ್ಪು ಕೊಟ್ಟುಬಿಡುತ್ತದೆ: ಹೋದರೂ ಬೇಸರವೇ, ನಾನು ಹೋದರೆ ಅವರಿಗೂ ಬೇಸರ. ಈ ತೀರ್ಪು ಎಷ್ಟು ನಂಬಲರ್ಹ? ಸಾಮಾನ್ಯ ಮನಃಸ್ಥಿತಿಯ ಜನರೇ ಇದರಲ್ಲಿ ತಪ್ಪುತ್ತಾರೆ. ಶಿಕಾಗೋದ ರೈಲು ಮತ್ತು ಬಸ್ ಪ್ರಯಾಣಿಕರ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಪ್ರಯೋಗಗಳಲ್ಲಿ, ಪಕ್ಕದ ಅಪರಿಚಿತರೊಡನೆ ಮಾತಾಡುವುದಕ್ಕಿಂತ ಸುಮ್ಮನೆ ಕೂರುವುದೇ ಹಿತವೆಂದು ಜನ ಊಹಿಸಿದ್ದರು. ಮಾತಾಡಿದವರ ಪ್ರಯಾಣವೇ ನಿಜದಲ್ಲಿ ಹೆಚ್ಚು ಹಿತವಾಗಿತ್ತು. ವ್ಯಾಯಾಮ ಎಷ್ಟು ಹಿತವೆನಿಸೀತು, ಹೊರಗಿನ ನಡಿಗೆ ಮನಸ್ಸನ್ನು ಎಷ್ಟು ಎತ್ತೀತು ಎಂಬುದನ್ನೂ ಜನ ಮೊದಲೇ ಕಡಿಮೆ ಅಂದಾಜು ಮಾಡುತ್ತಾರೆಂದು 2011ರ ಎರಡು ಪ್ರತ್ಯೇಕ ಅಧ್ಯಯನಗಳು ಕಂಡಿವೆ. ಹಾಗಿದ್ದ ಮೇಲೆ ಕುಗ್ಗಿದವರ ಊಹೆ ಇನ್ನೆಷ್ಟು ಕೆಳಗಿರಬೇಡ! ‘ಹೋಗಿ ಏನು ಪ್ರಯೋಜನ’ ಎಂಬ ಯೋಚನೆ ಬಂದಾಗ ಅದನ್ನು ಸತ್ಯವೆಂದಲ್ಲ, ಮನಸ್ಸು ಮಂಕಾಗಿರುವುದರ ಒಂದು ಲಕ್ಷಣವೆಂದು ಓದಬೇಕು. ಭೇಟಿ ದೊಡ್ಡದಾಗಿರಬೇಕಿಲ್ಲ, ಜೊತೆಯಾಗಿ ಮಾಡುವ ಒಂದು ಕೆಲಸವಿದ್ದರೆ ಮಾತಿನ ಹೊರೆಯೂ ಇರುವುದಿಲ್ಲ.

ಆಹಾರದ ಮತ್ತು ಪೂರಕಗಳ ವಿಷಯದಲ್ಲಿ ಪ್ರಚಾರ ಹೆಚ್ಚು, ಪುರಾವೆ ಕಡಿಮೆ. ಆಸ್ಟ್ರೇಲಿಯಾದಲ್ಲಿ ಫೆಲಿಸ್ ಜಾಕಾ ಅವರ ತಂಡ 67 ಮಂದಿಯ ಮೇಲೆ ನಡೆಸಿ 2017ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ತರಕಾರಿ, ಹಣ್ಣು, ಕಾಳು, ಇಡಿ ಧಾನ್ಯ, ಮೀನುಗಳತ್ತ ಆಹಾರವನ್ನು ತಿರುಗಿಸಿಕೊಂಡವರಲ್ಲಿ 12 ವಾರಗಳ ಬಳಿಕ ಶೇ 32 ಮಂದಿ ಖಿನ್ನತೆಯಿಂದ ಹೊರಬಂದರು. ಆಹಾರದ ಸಲಹೆಯಿಲ್ಲದೆ ಬರಿ ಒಡನಾಟದ ಬೆಂಬಲ ಪಡೆದವರಲ್ಲಿ ಶೇ 8 ಮಂದಿ. ಅಂತರ ದೊಡ್ಡದು, ಪ್ರಯೋಗ ಸಣ್ಣದು. ಇದಕ್ಕೆ ಹೋಲಿಸಿದರೆ ಪೂರಕಗಳ ಪರೀಕ್ಷೆ ಬೃಹತ್ತಾಗಿ ನಡೆದಿದೆ. ಅಮೆರಿಕದಲ್ಲಿ 18,353 ವಯಸ್ಕರಿಗೆ ಐದು ವರ್ಷಗಳಿಗೂ ಹೆಚ್ಚು ಕಾಲ ಡಿ ಜೀವಸತ್ವ, ಒಮೇಗಾ-3 ಅಥವಾ ಹುಸಿ ಗುಳಿಗೆಗಳನ್ನು ಕೊಟ್ಟು ನೋಡಿದಾಗ ಖಿನ್ನತೆಯನ್ನು ತಡೆಯುವಲ್ಲಾಗಲಿ ಮನಸ್ಸಿನ ಮಟ್ಟವನ್ನು ಏರಿಸುವಲ್ಲಾಗಲಿ ಅವುಗಳಿಂದ ಪ್ರಯೋಜನ ಕಾಣಲಿಲ್ಲ. ಪರೀಕ್ಷೆಯಲ್ಲಿ ಕೊರತೆ ಕಂಡುಬಂದವರು ಅದನ್ನು ತುಂಬಿಕೊಳ್ಳಲೇಬೇಕು, ಅದು ಬೇರೆ ಮಾತು. ಮನಃಸ್ಥಿತಿಗೆ ಸಂಬಂಧಿಸಿದ ರಾಸಾಯನಿಕವೆಂದು ಹೆಸರಾದ ‘ಸೆರೊಟೋನಿನ್ ಹೆಚ್ಚಿಸುವ ಆಹಾರ’ ಎಂಬ ಜಾಹೀರಾತುಗಳಿಗೂ ನೆಲೆಯಿಲ್ಲ. ದೇಹದ ಸೆರೊಟೋನಿನ್‌ನಲ್ಲಿ ಶೇ 90ರಷ್ಟು ಕರುಳಿನಲ್ಲೇ ತಯಾರಾದರೂ ಅದು ಮಿದುಳನ್ನು ಹೊಕ್ಕುವುದಿಲ್ಲ.

ಗಿಡಮೂಲಿಕೆಗಳ ಪೈಕಿ ಗಂಭೀರ ಆಧಾರವಿರುವುದು ಸೇಂಟ್ ಜಾನ್ಸ್ ವರ್ಟ್ ಎಂಬ ಯುರೋಪಿನ ಹಳದಿ ಹೂವಿನ ಗಿಡಕ್ಕೆ. 5,489 ರೋಗಿಗಳ 29 ಪ್ರಯೋಗಗಳನ್ನು ಪರಿಶೀಲಿಸಿದ 2008ರ ಕೊಕ್ರೇನ್ ಅವಲೋಕನ, ಅದರ ಸಾರ ಹುಸಿ ಗುಳಿಗೆಗಿಂತ ಮೇಲು, ಸಾಮಾನ್ಯ ಖಿನ್ನತೆ ನಿವಾರಕಗಳಿಗೆ ಸಮವೆಂದಿತು. ನೈಸರ್ಗಿಕವಾದದ್ದೆಲ್ಲ ನಿರಪಾಯಕಾರಿ ಎಂಬ ನಂಬಿಕೆಗೆ ದೊಡ್ಡ ಉತ್ತರವೂ ಇದೇ ಗಿಡದಲ್ಲಿದೆ. ಔಷಧಗಳನ್ನು ಒಡೆಯುವ ಯಕೃತ್ತಿನ ಕಿಣ್ವಗಳನ್ನು ಅದು ಚುರುಕುಗೊಳಿಸುವುದರಿಂದ ಗರ್ಭನಿರೋಧಕ ಗುಳಿಗೆ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್, ಅಂಗಾಂಗ ಕಸಿಯಾದವರ ಸೈಕ್ಲೊಸ್ಪೊರಿನ್, ಎಚ್‌ಐವಿಯ ಕೆಲವು ಔಷಧಗಳು ದೇಹದಲ್ಲಿ ಬೇಗ ಒಡೆದುಹೋಗಿ ನಿಷ್ಫಲವಾಗಬಹುದು. ಖಿನ್ನತೆಯ ಔಷಧದ ಜೊತೆಗೆ ತೆಗೆದುಕೊಂಡರೆ ಸೆರೊಟೋನಿನ್ ಅತಿಯಾಗಿ, ಜ್ವರ, ನಡುಕ, ಗೊಂದಲಗಳಿಂದ ಜೀವಕ್ಕೇ ಅಪಾಯ ಬರಬಹುದು. ‘ಇದು ಬರಿ ಗಿಡಮೂಲಿಕೆ’ ಎಂದು ವೈದ್ಯರಿಗೆ ಹೇಳದಿರುವವರೇ ಹೆಚ್ಚು ಅಪಾಯದಲ್ಲಿರುತ್ತಾರೆ.

ಇಷ್ಟೆಲ್ಲ ದಾರಿಗಳನ್ನು ಒಮ್ಮೆಗೇ ಹಿಡಿಯಲು ಹೋದರೆ ಮೂರನೆಯ ದಿನಕ್ಕೆ ಎಲ್ಲವೂ ಬಿಟ್ಟುಹೋಗುತ್ತದೆ. ಒಂದನ್ನೇ ಆರಿಸಿಕೊಳ್ಳಬೇಕೆಂದರೆ, ದಿನವೂ ಒಂದೇ ಹೊತ್ತಿಗೆ ಎದ್ದು, ಸ್ವಲ್ಪ ಹೊತ್ತಿನಲ್ಲೇ ಹೊರಗೆ ಹತ್ತು ನಿಮಿಷ ನಡೆಯುವುದನ್ನು ನಾನು ಸೂಚಿಸುತ್ತೇನೆ. ಚಲನೆ, ಬೆಳಕು, ನಿದ್ದೆಯ ಶಿಸ್ತು ಮೂರೂ ಅದರಲ್ಲಿ ಅಡಕವಾಗಿವೆ, ಜೊತೆಗೊಬ್ಬರು ಬಂದರೆ ಒಡನಾಟವೂ ಸೇರುತ್ತದೆ. ನಡೆಯುವಾಗ ‘ಈಗ ಖುಷಿಯಾಯಿತೇ’ ಎಂದು ಮನಸ್ಸನ್ನು ಪದೇ ಪದೇ ತಟ್ಟಿ ಕೇಳಬಾರದು. ಸಂತೋಷವಾಗಿರಲೇಬೇಕೆಂದು ಹಟ ಹಿಡಿದವರು ಸಂತೋಷದ ಸಂದರ್ಭದಲ್ಲೇ ಹೆಚ್ಚು ನಿರಾಶರಾಗುತ್ತಾರೆಂದು ಐರಿಸ್ ಮಾಸ್ ಮತ್ತು ಸಂಗಡಿಗರ 2011ರ ಅಧ್ಯಯನ ತೋರಿಸಿದೆ. ಅಂದು ನಡೆದದ್ದಾಯಿತೇ ಇಲ್ಲವೇ ಎಂಬುದಷ್ಟೇ ಲೆಕ್ಕ. ತಪ್ಪಿದ ದಿನಕ್ಕೆ ಮರುದಿನ ದಂಡ ತೆರಬೇಕಾಗಿಲ್ಲ. ಎರಡು ಮೂರು ವಾರ ಹೀಗೆ ಮಾಡಿಯೂ ಮನಸ್ಸು ಕದಲದಿದ್ದರೆ ಅದು ಪ್ರಯತ್ನದ ಸೋಲಲ್ಲ, ವೈದ್ಯರನ್ನು ಕಾಣಬೇಕೆಂಬುದರ ಸೂಚನೆ. ಈಗಾಗಲೇ ಔಷಧ ತೆಗೆದುಕೊಳ್ಳುತ್ತಿರುವವರು ನಡಿಗೆಯಿಂದ ಹಾಯೆನಿಸಿತೆಂದು ಅದನ್ನು ಏಕಾಏಕಿ ನಿಲ್ಲಿಸಬಾರದು. ತಲೆಸುತ್ತು, ನಿದ್ರಾಭಂಗ, ಕಳವಳ ಕಾಣಿಸಿಕೊಳ್ಳಬಹುದಾದ್ದರಿಂದ ಪ್ರಮಾಣವನ್ನು ವೈದ್ಯರ ಸಲಹೆಯಂತೆ ಹಂತಹಂತವಾಗಿಯೇ ಇಳಿಸಬೇಕಾಗುತ್ತದೆ.

ಮನೆಯವರ ಪಾತ್ರವೂ ಇಲ್ಲಿ ದೊಡ್ಡದು. ‘ಧೈರ್ಯ ತಂದುಕೊ’, ‘ಎಲ್ಲ ಇದ್ದೂ ಏಕಿಷ್ಟು ಬೇಸರ’ ಎಂಬ ಮಾತುಗಳು ಪ್ರೀತಿಯಿಂದಲೇ ಬಂದರೂ, ಕುಗ್ಗಿದವರಲ್ಲಿ ಇಲ್ಲದ ಹುಮ್ಮಸ್ಸನ್ನೇ ಮೊದಲು ಕೇಳುತ್ತವೆ. ‘ಸ್ವಲ್ಪ ಹೊರಗೆ ಹೋಗಿ ಬಾ’ ಎನ್ನುವುದು ಅದಕ್ಕಿಂತ ಮೇಲು. ಎಲ್ಲಕ್ಕಿಂತ ನೆರವಾಗುವುದು ಗೊತ್ತಾದ ಹೊತ್ತಿಗೆ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತು ‘ನಾನೂ ಬರುತ್ತೇನೆ, ಆ ತಿರುವಿನವರೆಗೆ ಹೋಗಿ ವಾಪಸ್ ಬಂದುಬಿಡೋಣ’ ಎನ್ನುವುದು. ಬೇಡವೆಂದರೆ ಮುನಿಸಿಕೊಳ್ಳದೆ, ಮರುದಿನ ಅದೇ ಹೊತ್ತಿಗೆ ಮತ್ತೆ ಕರೆಯುವುದು.